ಪಟ್ಟಿಯಮ್ಮನ ಹದಿನೇಳನೇ ಪ್ರಶ್ನೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಂಆರ್‌ಐ ಕೋಣೆಯ ದಪ್ಪ ಬಾಗಿಲಿನ ಹೊರಗೆ, ಒಂದು ಸಣ್ಣ ಮೇಜು ಮತ್ತು ಎರಡು ಕುರ್ಚಿ ಇದ್ದವು. ಒಳಬದಿಯ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೂರುತ್ತಿದ್ದ ಟೆಕ್ನಿಷಿಯನ್ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ಚೀಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವನ ತನಕ ಎಲ್ಲರಿಗೂ ಆಕೆ ಪಟ್ಟಿಯಮ್ಮ.

ಪಟ್ಟಿ ಎಂದರೆ ಇಪ್ಪತ್ತೊಂದು ಪ್ರಶ್ನೆಗಳ ಪಟ್ಟಿ. ಒಳಗಿರುವ ಯಂತ್ರ ಬರೀ ಅಯಸ್ಕಾಂತ. ಜೇಬಿನಲ್ಲಿ ಮರೆತ ಬೀಗದ ಕೈ, ಎದೆಯೊಳಗೆ ಕೂರಿಸಿದ ಪೇಸ್‌ಮೇಕರ್, ಎಂದೋ ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು, ಯಾವುದನ್ನೂ ಅದು ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಒಳಗೆ ಹೋಗುವವರನ್ನೆಲ್ಲ ಕೂರಿಸಿ ಕೇಳಲೇಬೇಕು. ಉಳಿದ ಟೆಕ್ನಿಷಿಯನ್ನರು "ಮೈಯಲ್ಲಿ ಲೋಹ ಏನೂ ಇಲ್ಲ ತಾನೇ?" ಎಂದು ಒಂದೇ ಉಸಿರಿಗೆ ಇಪ್ಪತ್ತೊಂದನ್ನೂ ಮುಗಿಸಿ ಗೀಟು ಹಾಕುತ್ತಿದ್ದರು. ಪಟ್ಟಿಯಮ್ಮ ಒಂದರಿಂದ ಶುರು ಮಾಡಿ, ಉತ್ತರಕ್ಕೆ ಕಾದು, ಆಮೇಲೆ ಎರಡಕ್ಕೆ ಹೋಗುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆಕೆ ಕಲಿಸುತ್ತಿದ್ದ ಪಾಠವೂ ಒಂದೇ: "ಅವ್ರು ಬಾಯಿ ಬಿಡೋ ತನಕ ನಿಮ್ಮ ಪೆನ್ನು ಕಾಗದ ಮುಟ್ಟಬಾರ್ದು."

ಇದರಿಂದ ಜನ ಸಿಡಿಮಿಡಿಗೊಳ್ಳುತ್ತಿದ್ದರು. ನಿವೃತ್ತ ನ್ಯಾಯಾಧೀಶರೊಬ್ಬರು, "ನಾನೇನು ಸುಳ್ಳು ಹೇಳ್ತೀನಾ?" ಎಂದು ಗುಡುಗಿದ್ದರು. "ಇಲ್ಲ ಸರ್, ಮರೀತೀರಿ," ಎಂದು ಆಕೆ ಎಂಟನೇ ಪ್ರಶ್ನೆಗೆ ಹೋದಳು. ಹನ್ನೊಂದಕ್ಕೆ ಬರುವಷ್ಟರಲ್ಲಿ ಅವರಿಗೆ ಬಾಲ್ಯದಲ್ಲಿ ಅಣ್ಣ ಏರ್‌ಗನ್ನಿನಿಂದ ತೊಡೆಗೆ ಹೊಡೆದ ಗುಂಡು ಇನ್ನೂ ಅಲ್ಲೇ ಇರುವುದು ನೆನಪಾಯಿತು. ಆಕೆಗೆ ಅದರಲ್ಲಿ ಗೆದ್ದ ಖುಷಿಯೇನೂ ಕಾಣಲಿಲ್ಲ. ಬರೆದುಕೊಂಡು ಹನ್ನೆರಡಕ್ಕೆ ಹೋದಳು.

ಮನೆಯಲ್ಲಿಯೂ ಹಾಗೆಯೇ ಎಂದು ಆಕೆಯ ಗಂಡ ದೂರುತ್ತಿದ್ದ. ಸೊಪ್ಪು ತಂದರೆ ಯಾವಾಗ ಕೊಂಡಿದ್ದು, ಯಾರ ಹತ್ತಿರ, ತೊಳೆದು ಕೊಟ್ಟರಾ ಎಂದೆಲ್ಲ ವಿಚಾರಣೆ ಆಗಬೇಕಿತ್ತು. ಅವನು ಸೊಪ್ಪು ತರುವುದನ್ನೇ ಬಿಟ್ಟ.

ಪಟ್ಟಿಯ ಹದಿನೇಳನೇ ಪ್ರಶ್ನೆ ಮಾತ್ರ ಆಕೆಯ ಸ್ವಂತದ್ದು. ಮೂರು ವರ್ಷದ ಹಿಂದೆ ಆಸ್ಪತ್ರೆಗೆ ಒಂದು ಹೊಸ ಔಷಧ ಬಂದಿತ್ತು. ಹಾಲು ಹಾಕದ ಚಹಾದಂಥ ಕಡುಗಂದು ದ್ರವ. ಅದರೊಳಗೆ ತೇಲುತ್ತಿದ್ದುದು ನ್ಯಾನೋ ಕಣಗಳು. ಕೂದಲಿನ ದಪ್ಪವನ್ನು ಮೂರು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಗಾತ್ರದ ಕಬ್ಬಿಣದ ತುಕ್ಕು, ಅದರ ಮೇಲೆ ಸಕ್ಕರೆ ಜಾತಿಯ ಒಂದು ಹೊದಿಕೆ. ಮೇಲಿನ ಮಹಡಿಯ ಕಿಡ್ನಿ ವಾರ್ಡಿನಲ್ಲಿ ರಕ್ತ ಕಡಿಮೆಯಾದವರಿಗೆ ಅದನ್ನು ಕಬ್ಬಿಣದ ಅಂಶಕ್ಕಾಗಿ ಏರಿಸುತ್ತಿದ್ದರು. ನೆಲಮಾಳಿಗೆಯಲ್ಲಿ ಅದೇ ಸೀಸೆ ಚಿತ್ರಕ್ಕೆ ಹಾಕುವ ಬಣ್ಣವಾಗುತ್ತಿತ್ತು. ಇಂಥವೇ ಕಣಗಳನ್ನು ಕ್ಯಾನ್ಸರ್ ಗೆಡ್ಡೆಯೊಳಗೆ ಸೇರಿಸಿ, ಹೊರಗಿನಿಂದ ಅಯಸ್ಕಾಂತ ಆಡಿಸಿ, ಕಾಯಿಸಿ ಸುಡುವ ಪ್ರಯೋಗವೊಂದು ಹಿಂಬದಿಯ ಕಟ್ಟಡದಲ್ಲಿ ನಡೆದಿತ್ತು. ಒಂದೇ ತುಕ್ಕಿನಿಂದ ಮೂವರು ಮೂರು ಕೆಲಸ ತೆಗೆಯುತ್ತಿದ್ದರು.

ಬಣ್ಣವಾಗಿ ಅದು ಕೆಲಸ ಮಾಡುವ ಬಗೆಯನ್ನು ಪಟ್ಟಿಯಮ್ಮ ಬೇಗನೆ ಅರ್ಥ ಮಾಡಿಕೊಂಡಳು. ಲಿವರಿನಲ್ಲಿ ಕಸ ಗುಡಿಸುವ ಜೀವಕೋಶಗಳಿವೆ. ರಕ್ತದಲ್ಲಿ ತೇಲಿ ಬಂದ ಅಪರಿಚಿತ ಕಣವನ್ನೆಲ್ಲ ನುಂಗಿ ಕೂರುವುದು ಅವುಗಳ ಉದ್ಯೋಗ. ಹೊಟ್ಟೆಯ ಎಡಬದಿಯ ಗುಲ್ಮದಲ್ಲೂ ಮೂಳೆಯ ಮಜ್ಜೆಯಲ್ಲೂ ಅವುಗಳ ನೆಂಟರಿದ್ದಾರೆ. ಕಣ ನುಂಗಿದ ಜಾಗವೆಲ್ಲ ಚಿತ್ರದಲ್ಲಿ ಕಪ್ಪಾಗುತ್ತದೆ. ಗೆಡ್ಡೆಯಲ್ಲಿ ಗುಡಿಸುವವರಿಲ್ಲದ ಕಾರಣ ಅದು ಬೆಳ್ಳಗೆ ಉಳಿದು ಸಿಕ್ಕಿಬೀಳುತ್ತದೆ. ತೊಂದರೆ ಒಂದೇ. ಒಮ್ಮೆ ಒಳಗೆ ಹೋದ ಕಣ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಅದು ಮೈಯಲ್ಲಿದೆ ಎಂದು ತಿಳಿಯದೆ ಚಿತ್ರ ತೆಗೆದರೆ, ನೆಟ್ಟಗಿರುವ ಲಿವರ್ ಕೂಡ ಕಬ್ಬಿಣ ತುಂಬಿ ಕೆಟ್ಟ ಲಿವರಿನಂತೆ ಕಾಣುತ್ತದೆ.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರು ಒಂದು ಪ್ರಶ್ನೆ ಸೇರಿಸಲು ಹೊರಟು ಔಷಧದ ಉದ್ದನೆಯ ಹೆಸರು ಬರೆದಾಗ ಪಟ್ಟಿಯಮ್ಮ ತಡೆದಳು.

"ಹೆಸರು ಯಾರಿಗೂ ನೆನಪಿರಲ್ಲ ಮೇಡಂ. ಬಣ್ಣ ನೆನಪಿರುತ್ತೆ."

ಹೀಗೆ ಹದಿನೇಳನೇ ಪ್ರಶ್ನೆ ಹುಟ್ಟಿತು: ಕಳೆದ ಆರು ತಿಂಗಳಲ್ಲಿ ರಕ್ತನಾಳಕ್ಕೆ ಡ್ರಿಪ್ ಅಥವಾ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ? ಅದು ಯಾವ ಬಣ್ಣದ್ದು? ಮೇಡಂ ಅಂದಿನಿಂದ ಒಂದು ಮಾತು ಹೇಳುತ್ತಿದ್ದರು. "ನೀನು ಇಲ್ಲ ಅಂತ ಗೀಟು ಹಾಕಿದ್ಮೇಲೆ ನಾನು ಮತ್ತೆ ಯೋಚ್ನೆ ಮಾಡಲ್ಲ." ಪಟ್ಟಿಯಮ್ಮನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಆಕೆಗೆ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ಒಬ್ಬಳು. ಅದೇ ಊರಿನಲ್ಲಿ, ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅಮ್ಮ ಬೇಗ ತೀರಿಕೊಂಡ ಮನೆಯಲ್ಲಿ ತಂಗಿಯ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ತಾನು ಓದು ಬಿಟ್ಟು ಇವಳನ್ನು ಓದಿಸಿದವಳು ಅಕ್ಕ. ಹೆದರಿಕೆ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಭಾವ ಗಡಿಯಾರ ರಿಪೇರಿಯವನು. ಮಕ್ಕಳಿರಲಿಲ್ಲ. "ನಿನ್ನ ಯಂತ್ರದ ಹತ್ರ ನಾನು ಸುಳಿಯಲ್ಲ ಕಣಮ್ಮ, ನನ್ನ ಕಸುಬೇ ನಿಂತ್ಹೋಗುತ್ತೆ," ಎಂದು ನಾದಿನಿಯನ್ನು ರೇಗಿಸುವುದು ಅವನ ಹಳೆಯ ಚಟ.

ಕೆಟ್ಟದ್ದು ಅವನ ಲಿವರ್. ಒಂದು ತೊಟ್ಟು ಮದ್ಯ ಮುಟ್ಟಿದವನಲ್ಲ, ಆದರೂ ಕೊಬ್ಬು ಸೇರಿ ಸೇರಿ ಗಟ್ಟಿಯಾಗಿತ್ತು. "ಕುಡಿಯದೇ ಹೆಸ್ರು ಕೆಡಿಸ್ಕೊಂಡೆ ನೋಡು," ಎಂದು ನಗುತ್ತಿದ್ದ. ಕಣ್ಣು ಹಳದಿಯಾಗಿ, ಕಾಲು ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ನಗು ಕಡಿಮೆಯಾಯಿತು. ಬದಲಿ ಲಿವರ್ ಬೇಕು, ಮೂರು ತಿಂಗಳೊಳಗೆ ಆದರೆ ಒಳ್ಳೆಯದು ಎಂದರು ಕಸಿ ಮಾಡುವ ಡಾಕ್ಟರು. ಅವನ ತಮ್ಮನಿಗೆ ಸಕ್ಕರೆ ಕಾಯಿಲೆ. ಪಟ್ಟಿಯಮ್ಮನ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನದು ಹೊಂದಿತು. "ಅರ್ಧ ಕೊಟ್ರೆ ಮತ್ತೆ ಬೆಳೆಯುತ್ತಂತೆ. ಉಗುರು ಕತ್ತರಿಸಿದ ಹಾಗೆ," ಎಂದಳು ಅಕ್ಕ, ಕಾಲರಿಗೆ ಹೊಲಿಗೆ ಹಾಕುತ್ತಲೇ.

ಅಕ್ಕ ಸ್ಕ್ಯಾನಿಗೆ ಬಂದ ದಿನ ನೆಲಮಾಳಿಗೆಯಲ್ಲಿ ಜನ ಕಿಕ್ಕಿರಿದಿದ್ದರು. ಅವಳ ಬೆರಳಿನ ಉಂಗುರ ಜಪ್ಪಯ್ಯ ಎಂದರೂ ಹೊರಬರಲಿಲ್ಲ. ಪಟ್ಟಿಯಮ್ಮ ಸೋಪು ತಂದು, ಕೈತೊಳೆಯುವ ಬೇಸಿನ್ನಿನ ಮುಂದೆ ನಿಂತು, ಅಕ್ಕನ ಬೆರಳನ್ನು ತಿಕ್ಕಿದಳು. ಇಬ್ಬರಿಗೂ ನಗು ಬಂತು. ಚಿಕ್ಕವರಿದ್ದಾಗ ಪೈಪಿನೊಳಗೆ ಬೆರಳು ಸಿಕ್ಕಿಸಿಕೊಂಡವಳು ತಂಗಿ, ಸೋಪು ಹಚ್ಚಿದವಳು ಅಕ್ಕ. ಉಂಗುರ ಬಂತು. ಒಳಗಿನಿಂದ ಮುಂದಿನವರನ್ನು ಕಳಿಸಿ ಎಂದು ಎರಡು ಸಲ ಕರೆದಾಗಿತ್ತು. ಪಟ್ಟಿಯಮ್ಮ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಫಾರಂ ಸಿಕ್ಕಿಸಿದ ಹಲಗೆ ಎಳೆದುಕೊಂಡಳು. ಹೆಸರೇನು ಎಂದು ಅಕ್ಕನನ್ನು ಕೇಳುವುದೇ? ಪೇಸ್‌ಮೇಕರ್ ಇದೆಯಾ ಎಂದು ಕೇಳುವುದೇ? ಜ್ವರ ಬಂದರೂ ಮಾತ್ರೆ ನುಂಗದ ಹೆಂಗಸು. ಒಂದರಿಂದ ಇಪ್ಪತ್ತೊಂದರವರೆಗೆ ಇಲ್ಲ, ಇಲ್ಲ, ಇಲ್ಲ ಎಂದು ಒಂದೇ ಗೀಟು ಎಳೆದಳು. ಅಕ್ಕ ಓದದೆ ಸಹಿ ಹಾಕಿದಳು, ಕೆಳಗೆ ಇವಳು ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಕೇಳದೆ ತುಂಬಿದ ಫಾರಂ ಅದೊಂದೇ.

ಎರಡು ದಿನದ ನಂತರ ವರದಿ ಬಂತು. ಲಿವರ್ ತುಂಬ ಕಬ್ಬಿಣ. ರಕ್ತ ಪರೀಕ್ಷೆಯಲ್ಲೂ ಕಬ್ಬಿಣದ ಸಂಗ್ರಹ ವಿಪರೀತ. ಎರಡೂ ಒಂದನ್ನೇ ಹೇಳುತ್ತಿದ್ದವು. ಕಸಿ ತಂಡದವರು ದಾನಿಯನ್ನು ಕೈಬಿಟ್ಟರು. ಇಂಥ ಲಿವರನ್ನು ಕತ್ತರಿಸಿದರೆ ಕೊಟ್ಟವಳಿಗೂ ಕಷ್ಟ, ಪಡೆದವನಿಗೂ ಪ್ರಯೋಜನವಿಲ್ಲ ಎಂದು ಮೃದುವಾಗಿಯೇ ವಿವರಿಸಿದರು. ಅಕ್ಕ ತಲೆಯಾಡಿಸಿ ಎದ್ದು ಬಂದಳು. ಭಾವನ ಹೆಸರು ಸತ್ತವರ ಲಿವರಿಗಾಗಿ ಕಾಯುವವರ ಸಾಲಿನ ಕೊನೆಗೆ ಸೇರಿತು. ಪಟ್ಟಿಯಮ್ಮ ಊಟ ಸೇರದೆ ಓಡಾಡಿದಳು. ಅಕ್ಕನಿಗೂ ಕಾಯಿಲೆ, ಭಾವನಿಗೂ ಕಾಯಿಲೆ, ಯಾರ ಹಣೆಬರಹ ಇದು ಎಂದು ಗಂಡನ ಮುಂದೆ ಅತ್ತಳು. ತನ್ನ ಗೀಟಿನ ನೆನಪು ಆಕೆಗೆ ಬರಲೇ ಇಲ್ಲ.

ಬಂದದ್ದು ಹದಿನಾರನೇ ದಿನ. ಕಿಡ್ನಿ ಕೆಟ್ಟ ಒಬ್ಬ ಬಡಗಿಗೆ ಹಿಂದಿನ ದಿನ ಆ ಕಂದು ಬಣ್ಣ ಕೊಟ್ಟು ಅಂದು ಚಿತ್ರ ತೆಗೆಯುತ್ತಿದ್ದರು. ಪರದೆಯ ಮೇಲೆ ಲಿವರ್ ಕಪ್ಪಗೆ ಬಂತು, ಗುಲ್ಮ ಕಪ್ಪಗೆ ಬಂತು, ಬೆನ್ನುಮೂಳೆಯ ಮಣಿಗಳು ಒಂದರ ಕೆಳಗೊಂದು ಕಪ್ಪಗೆ ಬಂದವು. ಪಟ್ಟಿಯಮ್ಮ ಇಂಥ ಚಿತ್ರ ನೂರಾರು ನೋಡಿದ್ದಳು. ಆದರೂ ಆ ಮಣಿಗಳ ಸಾಲನ್ನು ಈಚೆಗೆ ಬೇರೆಲ್ಲೋ ನೋಡಿದ ಹಾಗಿತ್ತು. ಬಡಗಿಯನ್ನು ಕಳಿಸಿ ಅಕ್ಕನ ಚಿತ್ರ ತೆರೆದಳು. ಅದೇ ಲಿವರ್, ಅದೇ ಗುಲ್ಮ, ಅದೇ ಮಣಿಗಳು. ಫಾರಂ ತೆಗೆಸಿ ನೋಡಿದಳು. ಒಂದರಿಂದ ಇಪ್ಪತ್ತೊಂದರವರೆಗೆ ಒಂದೇ ಗೀಟು, ಅದರ ತುದಿಯಲ್ಲಿ ಸೋಪಿನ ನೀರಿಗೆ ಹರಡಿದ ಶಾಯಿ.

ಮಧ್ಯಾಹ್ನದ ಬಿಡುವಿನಲ್ಲಿ ಒಂದು ಖಾಲಿ ಫಾರಂ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಅಕ್ಕ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಳಕೋಣೆಯಲ್ಲಿ ಭಾವ ಮಲಗಿದ್ದ. ಮೇಜಿನ ಮೇಲೆ ಅವನು ಅರ್ಧಕ್ಕೆ ಬಿಟ್ಟ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಪಟ್ಟಿಯಮ್ಮ ಎದುರಿಗೆ ಸ್ಟೂಲ್ ಎಳೆದುಕೊಂಡು ಫಾರಂ ಬಿಚ್ಚಿದಳು.

"ಅಕ್ಕಾ, ನಿನ್ನ ಹೆಸ್ರು ಹೇಳು."

"ಏನಾಗಿದೆಯೇ ನಿಂಗೆ? ಊಟ ಆಯ್ತಾ?"

"ಹೇಳು ಅಂದೆ."

ಅಕ್ಕ ಹೇಳಿದಳು. ವಯಸ್ಸು ಹೇಳಿದಳು. ಒಂದು, ಎರಡು, ಮೂರಕ್ಕೆ ಇಲ್ಲ ಎಂದಳು. ತಂಗಿಯ ಮುಖ ನೋಡಿ ಪೆಡಲಿನಿಂದ ಕಾಲು ತೆಗೆದಳು. ಹದಿನೇಳಕ್ಕೆ ಬಂದಾಗ ಅವಳ ಕೈ ಕಾಲರಿನ ಅಂಚನ್ನು ಸುಮ್ಮನೆ ಮಡಚುತ್ತಿತ್ತು.

"ಡ್ರಿಪ್ ಹಾಕಿಸ್ಕೊಂಡಿದ್ದೀಯಾ?"

ಅಕ್ಕ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಹೂಂ."

"ಯಾವ ಬಣ್ಣ?"

"ಹಾಲಿಲ್ಲದ ಚಹಾ ಥರ ಇತ್ತು."

ಪಟ್ಟಿಯಮ್ಮ ಪೆನ್ನು ಕೆಳಗಿಟ್ಟಳು. ಅಕ್ಕ ಒಂದೊಂದಾಗಿ ಹೇಳಿದಳು. ಭಾವನನ್ನು ತೋರಿಸಲು ಬಂದಾಗಲೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಬೇರೆ ರೋಗಿಗಳ ಮನೆಯವರ ಮಾತು ಕಿವಿಗೆ ಬೀಳುತ್ತಿತ್ತು. ರಕ್ತ ಕಡಿಮೆ ಇದ್ದರೆ ದಾನಿಯನ್ನು ವಾಪಸ್ ಕಳಿಸುತ್ತಾರಂತೆ. ಅವಳು ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಸಿದಳು. ರಕ್ತ ಒಂಬತ್ತಕ್ಕೆ ಇಳಿದಿತ್ತು. ಮಾತ್ರೆಯಾದರೆ ಮೂರು ತಿಂಗಳು, ಡ್ರಿಪ್ ಆದರೆ ಬೇಗ ಏರುತ್ತದೆ ಎಂದ ಅಲ್ಲಿನ ಡಾಕ್ಟರ್. ಎರಡು ಸಲ ಹಾಕಿಸಿಕೊಂಡು, ತಿಂಗಳು ಬಿಟ್ಟು, ರಕ್ತ ಏರಿದ ಮೇಲೆ ದಾನಿಯೆಂದು ಹೆಸರು ಬರೆಸಿದಳು.

"ಕಸಿ ಡಾಕ್ಟ್ರು ಕೇಳ್ಲಿಲ್ವಾ?"

"ಮಾತ್ರೆ ಏನಾದ್ರೂ ತಗೋತೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಅದು ಮಾತ್ರೆ ಅಲ್ವಲ್ಲ."

ಇಷ್ಟು ದುಃಖದಲ್ಲೂ ಪಟ್ಟಿಯಮ್ಮನಿಗೆ ನಗು ಬರುವುದರಲ್ಲಿತ್ತು. ಗಂಡನಿಗೆ ಲಿವರ್ ಕೊಡಲು ತಕ್ಕವಳಾಗಬೇಕೆಂದು ಕದ್ದು ಹಾಕಿಸಿಕೊಂಡ ಕಬ್ಬಿಣವೇ ಅವಳ ಲಿವರನ್ನು ಕಪ್ಪು ಮಾಡಿ ಕಳಿಸಿತ್ತು.

"ಅವತ್ತು ನಾನು ಕೇಳಿದ್ರೆ ಹೇಳ್ತಿದ್ಯಾ?"

"ನಿಂಗೆ ಹೇಳ್ತಿದ್ದೆ ಕಣೇ. ಸೋಪು ತಿಕ್ಕುವಾಗೆಲ್ಲ, ಈಗ ಕೇಳ್ತಾಳೆ, ಈಗ ಕೇಳ್ತಾಳೆ ಅಂತ ಎದೆ ಹೊಡ್ಕೊಳ್ತಿತ್ತು. ನೀನು ಕೇಳ್ಲಿಲ್ಲ. ಸದ್ಯ, ಬದುಕಿದೆ ಅಂದ್ಕೊಂಡೆ." ಆಮೇಲೆ ತಂಗಿಯ ಕೈ ಹಿಡಿದುಕೊಂಡಳು. "ನೀನು ಕೇಳಿದೆ, ನಾನು ಸುಳ್ಳು ಹೇಳಿದೆ ಅಂತ ಅಲ್ಲಿ ಹೇಳಿಬಿಡು. ನಿನ್ನ ಕೆಲ್ಸಕ್ಕೆ ಕುತ್ತು ಬರೋದು ಬೇಡ."

ವಾಪಸ್ ಬರುವ ಬಸ್ಸಿನಲ್ಲಿ ಪಟ್ಟಿಯಮ್ಮ ಈ ಮಾತನ್ನು ಯೋಚಿಸದೇ ಇರಲಿಲ್ಲ. ಯೋಚಿಸಿದಳು, ಎರಡು ಸ್ಟಾಪಿನಷ್ಟು ದೂರ. ಸುಳ್ಳು ಹೇಳಿದ ದಾನಿಯನ್ನು ಕಸಿ ತಂಡದವರು ಮತ್ತೆ ಹತ್ತಿರ ಸೇರಿಸುವುದಿಲ್ಲ. ಇಷ್ಟು ಮುಚ್ಚಿಟ್ಟವಳು ಇನ್ನೇನು ಮುಚ್ಚಿಟ್ಟಿದ್ದಾಳೋ ಎನ್ನುತ್ತಾರೆ. ಅಕ್ಕ ಸುಳ್ಳಿಯಾದರೆ ಭಾವ ಉಳಿಯುವುದಿಲ್ಲ. ಪಟ್ಟಿಯಮ್ಮ ಕೇಳಲೇ ಇಲ್ಲ ಎಂದಾದರೆ ತಪ್ಪು ಆಸ್ಪತ್ರೆಯದು, ದಾನಿಯನ್ನು ಮತ್ತೆ ಪರೀಕ್ಷಿಸಲೇಬೇಕು. ಇಪ್ಪತ್ತೆರಡು ವರ್ಷ ಕಟ್ಟಿಕೊಂಡ ಹೆಸರು ಒಂದು ಕಡೆ, ಗಡಿಯಾರದ ಮೇಜಿನ ಹಿಂದೆ ಮಲಗಿದ್ದ ಮನುಷ್ಯ ಇನ್ನೊಂದು ಕಡೆ. ಇಳಿಯುವ ಸ್ಟಾಪ್ ಬರುವಷ್ಟರಲ್ಲಿ ಲೆಕ್ಕ ಮುಗಿದಿತ್ತು.

ಮೇಡಂ ಕೋಣೆಯಲ್ಲಿ ಎರಡು ಫಾರಂಗಳನ್ನೂ ಪಕ್ಕಪಕ್ಕ ಇಟ್ಟಳು.

"ಇದನ್ನ ನಾನು ಕೇಳದೆ ತುಂಬಿದೆ ಮೇಡಂ. ಇದು ಇವತ್ತು ಕೇಳಿ ತುಂಬಿದ್ದು."

ಮೇಡಂ ಹದಿನೇಳನ್ನು ಓದಿದರು. ಅಕ್ಕನ ಚಿತ್ರ ತೆರೆದು ಬೆನ್ನುಮೂಳೆಯ ಮೇಲೆ ಬೆರಳಿಟ್ಟರು.

"ಮಜ್ಜೆ ಕಪ್ಪಗಿರೋದು ನಂಗೂ ಕಂಡಿತ್ತು," ಎಂದರು. "ಕಾಯಿಲೆಯ ಕಬ್ಬಿಣ ಸಾಮಾನ್ಯವಾಗಿ ಮಜ್ಜೆಗೆ ಹೋಗಲ್ಲ. ಆದ್ರೂ ನಿನ್ನ ಗೀಟು ನೋಡಿ ಸುಮ್ಮನಾದೆ."

ಬೈದಿದ್ದರೆ ಚೆನ್ನಾಗಿತ್ತು ಎಂದು ಪಟ್ಟಿಯಮ್ಮನಿಗೆ ಅನ್ನಿಸಿತು. ಕಣ್ಣು ತುಂಬಿ ಬಂತು. ಆಕೆ ಒರೆಸಿಕೊಳ್ಳದೆ ನಿಂತಿದ್ದಳು.

ಮುಂದಿನದೆಲ್ಲ ಬೇಗ ನಡೆಯಿತು. ಅಕ್ಕನ ಲಿವರಿನಿಂದ ಸೂಜಿಯಲ್ಲಿ ಎಳೆಯಷ್ಟು ಚೂರು ತೆಗೆದು ನೋಡಿದರು. ಕಬ್ಬಿಣವೆಲ್ಲ ಗುಡಿಸುವ ಕೋಶಗಳ ಹೊಟ್ಟೆಯಲ್ಲಿ ಮಾತ್ರ ಇತ್ತು. ಲಿವರ್ ನೆಟ್ಟಗಿತ್ತು. ಕಸಿ ತಂಡದವರು ಅಕ್ಕನನ್ನು ಕೂರಿಸಿ ಅರ್ಧ ಗಂಟೆ ಬೈದು, ಆಮೇಲೆ ದಿನ ಗೊತ್ತು ಮಾಡಿದರು. ಅಷ್ಟರಲ್ಲಿ ಭಾವನಿಗೆ ಹೊಟ್ಟೆಯ ನೀರಿನಲ್ಲಿ ಸೋಂಕಾಗಿ ಇನ್ನೂ ಹತ್ತು ದಿನ ಹೋಯಿತು. ಮೊದಲೇ ಆಗಿದ್ದರೆ ಈ ಸೋಂಕು ಬರುತ್ತಿರಲಿಲ್ಲ ಎಂದು ಯಾರೂ ಪಟ್ಟಿಯಮ್ಮನ ಮುಂದೆ ಆಡಲಿಲ್ಲ. ಆಡದಿದ್ದರೂ ಆಕೆಗೆ ಗೊತ್ತಿತ್ತು. ಹನ್ನೆರಡು ಗಂಟೆಯ ಶಸ್ತ್ರಚಿಕಿತ್ಸೆ ಮುಗಿದು ಇಬ್ಬರೂ ಉಳಿದರು. ಭಾವ ಕಣ್ಣು ಬಿಟ್ಟ ಮೂರನೇ ದಿನ, "ಇನ್ಮೇಲೆ ನಿಮ್ಮಕ್ಕನಿಗೆ ಎದುರು ಮಾತಾಡೋ ಹಾಗಿಲ್ಲ, ಒಳಗಿನಿಂದಲೇ ಹಿಡ್ಕೊಂಡಿದ್ದಾಳೆ," ಎಂದ.

ವಿಚಾರಣೆ ನಡೆದು ಪಟ್ಟಿಯಮ್ಮನಿಗೆ ಮೆಮೊ ಬಂತು. ಆರು ತಿಂಗಳು ಪ್ರಶ್ನೆ ಕೇಳುವ ಮೇಜಿನಿಂದ ದೂರ. ಮೇಲಿನ ಒಂದು ಕಿರುಕೋಣೆಯಲ್ಲಿ ಕೂತು ಚಿತ್ರಗಳ ಸಿಡಿಯನ್ನು ಲಕೋಟೆಗೆ ಹಾಕಿ ಹೆಸರು ಬರೆಯುವ ಕೆಲಸ. ಆಕೆ ವಾದಿಸಲಿಲ್ಲ. ಲಕೋಟೆ ಪಡೆಯಲು ಬಂದವರ ಹೆಸರನ್ನು ಎರಡು ಸಲ ಕೇಳಿ, ಚೀಟಿ ನೋಡಿ, ಮೂರನೇ ಸಲ ಕೇಳಿ ಕೊಡುತ್ತಿದ್ದಳು. ಅಲ್ಲಿಯೂ ಸಾಲು ಬೆಳೆಯಿತು. ಮನೆಯವರನ್ನು ಮನೆಯವರೇ ಪ್ರಶ್ನಿಸಬಾರದೆಂದು ನಿಯಮ ಮಾಡೋಣ ಎಂದು ಯಾರೋ ಸೂಚಿಸಿದಾಗ ಮೇಡಂ ಒಪ್ಪಲಿಲ್ಲ. "ಅವಳು ಕೇಳಿದ್ದು ತಪ್ಪಾಗ್ಲಿಲ್ಲ. ಕೇಳದೇ ಇದ್ದದ್ದು ತಪ್ಪಾಯ್ತು," ಎಂದರು.

ಪಟ್ಟಿಯಮ್ಮ ನೆಲಮಾಳಿಗೆಗೆ ಮರಳಿದ ಎರಡನೇ ವಾರ ಅಕ್ಕ ಬಂದಳು. ಉಳಿದರ್ಧ ಲಿವರ್ ಎಷ್ಟು ಬೆಳೆದಿದೆ ಎಂದು ನೋಡುವ ಸ್ಕ್ಯಾನು. ಅವಳು ಹೊರಬದಿಯ ಕುರ್ಚಿಯಲ್ಲಿ ಕೂತಳು. ಮೈ ಸ್ವಲ್ಪ ಇಳಿದಿತ್ತು.

"ನಿಮ್ಮ ಹೆಸರು ಹೇಳಿ," ಎಂದಳು ಪಟ್ಟಿಯಮ್ಮ.

ಅಕ್ಕ ನಗಲು ಹೊರಟು ತಂಗಿಯ ಮುಖ ನೋಡಿ ನಿಲ್ಲಿಸಿದಳು. ಹೆಸರು ಹೇಳಿದಳು.

"ಯಾವುದಾದ್ರೂ ಆಪರೇಷನ್ ಆಗಿದೆಯಾ?"

"ನಿಂಗೇ ಗೊತ್ತಲ್ಲೇ."

"ನಂಗೇನೂ ಗೊತ್ತಿಲ್ಲ. ನೀವು ಹೇಳಿ."

ಅಕ್ಕ ಹೇಳಿದಳು. ಪಟ್ಟಿಯಮ್ಮ ಬರೆದುಕೊಂಡಳು. ಹದಿನೇಳಕ್ಕೆ ಅಕ್ಕ ಆಪರೇಷನ್ ದಿನದಿಂದ ಹಿಡಿದು ಹಾಕಿದ ಡ್ರಿಪ್ಪುಗಳನ್ನೆಲ್ಲ ಬಣ್ಣದ ಸಮೇತ ಒಪ್ಪಿಸಿದಳು. ಹಿಂದೆ ಕಾದಿದ್ದವರು ಗೊಣಗಿದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಆದವು.

"ಕೊನೇದು. ಇದುವರೆಗೆ ಯಾರಿಗೂ ಹೇಳದೇ ಇರೋದು ಏನಾದ್ರೂ ಇದೆಯಾ?"

ಪಟ್ಟಿಯ ಇಪ್ಪತ್ತೊಂದನೇ ಪ್ರಶ್ನೆ ಅದು. ಇಪ್ಪತ್ತೆರಡು ವರ್ಷದಿಂದ ಜನ ಅದಕ್ಕೆ ಇಲ್ಲ ಎಂದೇ ಎದ್ದು ಹೋಗುತ್ತಿದ್ದರು. ಅಕ್ಕ ಏಳಲಿಲ್ಲ. ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು.

"ಇದೆ," ಎಂದಳು.

ಪಟ್ಟಿಯಮ್ಮ ಕಾದಳು.

"ಮೊದಲ್ನೇ ಸಲ, ನಿಮ್ಮ ಲಿವರ್ ಆಗಲ್ಲ ಅಂದ್ರಲ್ಲ ಡಾಕ್ಟ್ರು. ಅವತ್ತು ನಂಗೆ ಜೀವ ಬಂದ ಹಾಗಾಯ್ತು. ಕುಯ್ಸ್ಕೊಳ್ಳೋದು ತಪ್ತಲ್ಲ ಅಂತ. ಅವ್ರು ಸಾಯ್ತಾರೆ ಅಂತ ಗೊತ್ತಿದ್ದೂ ಖುಷಿ ಆಯ್ತು ಕಣೇ. ಅಷ್ಟು ಹೆದರಿಕೆ ಇತ್ತು. ಆಮೇಲೆ ನೀನು ಫಾರಂ ತಗೊಂಡು ಮನೆಗೇ ಬಂದ್ಬಿಟ್ಟೆ."

ನೆಲಮಾಳಿಗೆಯಲ್ಲಿ ಯಂತ್ರದ ಬಡಿತ ಕೇಳುತ್ತಿತ್ತು. ಪಟ್ಟಿಯಮ್ಮನ ಪೆನ್ನು ಇಪ್ಪತ್ತೊಂದರ ಮುಂದಿನ ಖಾಲಿ ಜಾಗದ ಮೇಲೆ ನಿಂತಿತ್ತು. ಅಂದು ಕಾಲರಿನ ಅಂಚು ಮಡಚುತ್ತಿದ್ದ ಕೈ ಆಕೆಗೆ ನೆನಪಾಯಿತು. ಹೂಂ ಎನ್ನುವ ಬದಲು ಇಲ್ಲ ಎಂದಿದ್ದರೆ ಅಕ್ಕ ಅಂದೇ ತಪ್ಪಿಸಿಕೊಳ್ಳಬಹುದಿತ್ತು. ಎರಡನೇ ಸಲ ಫಾರಂ ತಂದವಳು ತಂಗಿಯಾದರೂ, ಬಾಯಿ ಬಿಟ್ಟವಳು ಅಕ್ಕನೇ.

ಆಕೆ ಆ ಜಾಗವನ್ನು ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದಳು.

"ಉಂಗುರ?" ಎಂದು ಕೇಳಿದಳು.

"ಮನೇಲೇ ತೆಗೆದಿಟ್ಟು ಬಂದಿದ್ದೀನಿ," ಎಂದಳು ಅಕ್ಕ.

ಪಟ್ಟಿಯಮ್ಮ ಆದರೂ ಅವಳ ಎರಡೂ ಕೈಗಳನ್ನು ಹಿಡಿದು, ಹತ್ತು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಒಳಗೆ ಕರೆದುಕೊಂಡು ಹೋದಳು.